ಸಮುದ್ರದ ದಂಡೆ, ಬಸ್ಸಿನ ಪಾಠ

ಕಳೆದ ಸಂಚಿಕೆಯಲ್ಲಿ ಈ ಅಂಕಣ ಏಕೆ ಬರಲಿಲ್ಲವೆಂದು ಸಂಘದ ನಾಲ್ಕಾರು ಮಂದಿ ಕೇಳಿದರು. ಊರಲ್ಲಿರಲಿಲ್ಲ ಎಂದೆ. ಎಲ್ಲಿಗೆ ಹೋಗಿದ್ದಿರೆಂದರು. ಪೆರು ದೇಶಕ್ಕೆ, ಬೆನ್ನಿಗೊಂದು ಚೀಲ ಹಾಕಿಕೊಂಡು, ಬಸ್ಸಿನಲ್ಲಿ ಕುಳಿತು ಸ್ಪ್ಯಾನಿಶ್ ಕಲಿಯುವುದಕ್ಕೆ ಎಂದೆ. ಒಬ್ಬ ಹಿರಿಯರು ಕನ್ನಡಕದ ಮೇಲಿಂದ ನನ್ನನ್ನು ನೋಡಿ, "ಈ ವಯಸ್ಸಿನಲ್ಲಿ ಅದೇತಕ್ಕಪ್ಪಾ?" ಎಂದರು. ಅವರಿಗೆ ಅಂದು ಕೊಟ್ಟ ಉತ್ತರ ಚುಟುಕಾಗಿತ್ತು. ಇಲ್ಲಿ ತುಸು ವಿಸ್ತಾರವಾಗಿ ಹೇಳುತ್ತೇನೆ. ವಾಚಕರು ತಾಳ್ಮೆಯಿಂದ ಓದಬೇಕು.

ಸ್ಪ್ಯಾನಿಶ್ 20 ದೇಶಗಳ ಆಡಳಿತ ಭಾಷೆ. ಅವುಗಳಲ್ಲಿ ಪೆರುವಿನ ಕರಾವಳಿಯನ್ನೇ ಏಕೆ ಹಿಡಿದೆನೆಂದರೆ, ಅಲ್ಲಿ ದಾರಿ ತಪ್ಪುವ ಭಯವಿಲ್ಲ. ಪಾನ್‌ಅಮೆರಿಕಾನಾ ಎಂಬ ಒಂದೇ ಹೆದ್ದಾರಿ ದಂಡೆಯ ಗುಂಟ ದೇಶದ ಉದ್ದಕ್ಕೂ ಓಡುತ್ತದೆ. ರಾಜಧಾನಿ ಲೀಮಾದಿಂದ ಉತ್ತರದ ಗಡಿಯ ತುಂಬೆಸ್‌ಗೆ ಸುಮಾರು 1,300 ಕಿಲೋಮೀಟರು. ಮುಂಬಯಿಯಿಂದ ಬೆಂಗಳೂರಿಗೆ ಹೋಗಿ ಮುಂದೆ ಇನ್ನೂ ಮುನ್ನೂರು ಹೋದಂತೆ. ಈ ಮಾರ್ಗದಲ್ಲಿ ಜನ ಓಡಾಡುವ ರೈಲು ಇಲ್ಲ. ಮದುವೆಗೆ ಹೊರಟವರು, ಆಸ್ಪತ್ರೆಯಿಂದ ಮರಳುವವರು, ಕೋಳಿಮರಿಯ ಪೆಟ್ಟಿಗೆ ಹೊತ್ತವರು, ಎಲ್ಲರೂ ಬಸ್ಸಿನವರೇ. ಪಕ್ಕದಲ್ಲಿ ಏಳೆಂಟು ತಾಸು ಎದ್ದು ಹೋಗಲಾರದ ಒಬ್ಬ ಗುರು ಪುಕ್ಕಟೆಯಾಗಿ ಸಿಗುವಾಗ ಪಾಠಶಾಲೆಗೆ ಹಣ ಸುರಿಯುವುದೇಕೆ? ರಾತ್ರಿಯ ಬಸ್ಸುಗಳು ಇನ್ನೂ ಸುಖಕರ. ಆಸನ ಹಾಸಿಗೆಯಂತೆ ಒರಗುತ್ತದೆ, ಅದಕ್ಕೆ 'ಬುಸ್ ಕಾಮಾ', ಹಾಸಿಗೆ ಬಸ್ಸು, ಎಂದೇ ಹೆಸರು. ಆದರೆ ಗುರುಗಳೆಲ್ಲ ಗೊರಕೆ ಹೊಡೆಯುತ್ತಾರೆ. ಹಗಲಿನ ಬಸ್ಸೇ ಹಿಡಿಯಬೇಕು, ಉತ್ತರಕ್ಕೆ ಹೋಗುವಾಗ ಎಡಗಡೆಯ ಕಿಟಕಿ ಕೇಳಿ ಪಡೆಯಬೇಕು. ಸಮುದ್ರ ಆ ಕಡೆಗಿದೆ.

ಕರಾವಳಿ ಎಂದೊಡನೆ ನಮ್ಮ ಕಣ್ಣಿಗೆ ಕಟ್ಟುವುದು ತೆಂಗು, ಕೆಂಪು ಹೆಂಚು, ಆಷಾಢದ ಜಡಿಮಳೆ. ಪೆರುವಿನದು ಮರಳುಗಾಡಿನ ಕರಾವಳಿ. ದಕ್ಷಿಣದಿಂದ ಬರುವ ಹಂಬೋಲ್ಟ್ ಪ್ರವಾಹದ ತಣ್ಣೀರು ದಂಡೆಯನ್ನು ಸವರಿಕೊಂಡೇ ಹೋಗುತ್ತದೆ. ಅದರ ಮೇಲಿನ ಗಾಳಿ ತಂಪಾಗಿ ಕೆಳಗೇ ಕುಳಿತುಬಿಡುತ್ತದೆ. ಮೇಲೇರದ ಗಾಳಿ ಮಳೆ ಸುರಿಸಲಾರದು. ಲೀಮಾದಲ್ಲಿ ಚಳಿಗಾಲದ ತಿಂಗಳುಗಳಲ್ಲಿ ಬೂದು ಮಂಜು ಕವಿದು, 'ಗರೂವಾ' ಎಂಬ ಸೂಜಿಮೊನೆಯಂಥ ಹನಿ ಬೀಳುತ್ತದೆ, ಅಷ್ಟೆ. ಬಸ್ಸಿನಿಂದ ನೋಡಿದರೆ ಒಂದು ತಾಸು ಬರೀ ಮರಳು, ಆಮೇಲೆ ಆಂಡೀಸ್ ಪರ್ವತದಿಂದ ಇಳಿದ ಒಂದು ಹೊಳೆ, ಹತ್ತು ನಿಮಿಷ ಕಣ್ಣು ತಂಪಾಗುವಷ್ಟು ಕಬ್ಬು, ಮತ್ತೆ ಮರಳು.

ಲೀಮಾದಲ್ಲಿ ಹತ್ತು ದಿನ ಒಬ್ಬ ಶಿಕ್ಷಕಿಯ ಹತ್ತಿರ ಬೆಳಗಿನ ಪಾಠವಾಯಿತು. ಮಧ್ಯಾಹ್ನದ ಪಾಠ ಊರಿನ ಚಿಕ್ಕ ಬಸ್ಸುಗಳಲ್ಲಿ. ಅಲ್ಲಿನ ಕಂಡಕ್ಟರನಿಗೆ 'ಕೊಬ್ರದೋರ್', ವಸೂಲಿ ಮಾಡುವವನು, ಎನ್ನುತ್ತಾರೆ. ಬಾಗಿಲಿನಲ್ಲಿ ಜೋತುಬಿದ್ದು ಊರುಗಳ ಹೆಸರನ್ನು ಮಂತ್ರದಂತೆ ಕೂಗುವ ಆತ, ಇಳಿಯುವವರಿಗೆ ಮಾತ್ರ "ಪಿಯೆ ದೆರೇಚೊ, ಪಿಯೆ ದೆರೇಚೊ" ಎನ್ನುತ್ತಾನೆ, ಬಲಗಾಲು, ಬಲಗಾಲು! ನಮ್ಮಲ್ಲಿ ಹೊಸ ಸೊಸೆ ಬಲಗಾಲಿಟ್ಟು ಒಳಗೆ ಬರುತ್ತಾಳೆ, ಅಲ್ಲಿ ಪ್ರಯಾಣಿಕ ಬಲಗಾಲಿಟ್ಟು ಹೊರಗೆ ಹೋಗುತ್ತಾನೆ. ನಮ್ಮ ಪೈಕಿ ಎಷ್ಟು ಮಂದಿಗೆ ಮರಾಠಿಯ ಮೊದಲ ಗುರು "ಪುಢೆ ಚಲಾ" ಎಂದ ಬಸ್ಸಿನ ಕಂಡಕ್ಟರನಲ್ಲ? ವ್ಯಾಕರಣ ಆಮೇಲೆ ಬರುತ್ತದೆ. ಮೊದಲು ಇಳಿಯುವುದಕ್ಕೆ ಬರಬೇಕು.

ಕನ್ನಡಿಗನಿಗೆ ಸ್ಪ್ಯಾನಿಶ್ ಕಷ್ಟವಲ್ಲ ಎಂದರೆ ಹೊಗಳಿಕೆಯೆಂದು ಭಾವಿಸಬಾರದು, ನಾಲಗೆಯ ಮಾತು ಹೇಳುತ್ತಿದ್ದೇನೆ. ನಮ್ಮ ತ ಮತ್ತು ದ ಅಲ್ಲಿ ಹಾಗೆಯೇ ಇವೆ. ಇಂಗ್ಲಿಷ್ ಮನೆಮಾತಿನವರು ಅವಕ್ಕೇ ಒದ್ದಾಡುತ್ತಾರೆ. ಒಂದನೆಯ ತರಗತಿಯಲ್ಲಿ ತಿದ್ದಿ, ಆಮೇಲೆ ಜನ್ಮದಲ್ಲಿ ಬಿಡಿಯಾಗಿ ಬರೆಯದ ನಮ್ಮ ಞ ಅಕ್ಷರಕ್ಕೆ ಅಲ್ಲಿ ಭರ್ಜರಿ ಉದ್ಯೋಗವಿದೆ: ಮಗು 'ನಿಞೊ', ನಾಳೆ 'ಮಞಾನಾ', ಯಜಮಾನರು 'ಸೆಞೋರ್'. ರಕಾರ ಎರಡು. 'ಪೆರೊ' ಎಂದರೆ 'ಆದರೆ', 'ಪೆಱ್ಱೊ' ಎಂದರೆ ನಾಯಿ. ನಮ್ಮ ಹಳಗನ್ನಡದಲ್ಲಿಯೂ ಗಡುಸಾದ ಱ ಇತ್ತು. ಶಕಟರೇಫವೆಂದು ಅದರ ಹೆಸರು. ಶಕಟವೆಂದರೆ ಬಂಡಿ. ಪಂಡಿತರಿಂದ ಕಲಿಯಲಾಗದ ಶಕಟರೇಫವನ್ನು ನಾನು ಶಕಟದಲ್ಲಿ ಕುಳಿತೇ ಕಲಿತೆನೆನ್ನಬೇಕು. ಬಸ್ಸು ಉಬ್ಬುತಗ್ಗಿನ ಮೇಲೆ ಹೋಗುವಾಗ ಅದು ತಾನಾಗಿಯೇ ಬಾಯಿಗೆ ಬರುತ್ತದೆ.

ಇನ್ನು ವಾಕ್ಯ. 'ಮೆ ಗುಸ್ತಾ ಎಲ್ ಕಫೆ' ಎಂದರೆ 'ನನಗೆ ಕಾಫಿ ಇಷ್ಟ'. 'ಮೆ ದುವೆಲೆ ಲಾ ಕಬೆಸಾ', 'ನನಗೆ ತಲೆ ನೋಯುತ್ತದೆ'. ನಾನು ಎಂಬುದು ಹಿಂದೆ ಸರಿದು 'ನನಗೆ' ಎಂದು ನಿಲ್ಲುವುದು ನಮಗೇನು ಹೊಸದೆ? 'ವೊಯ್' ಎಂದರೆ ಸಾಕು, 'ಹೋಗುತ್ತೇನೆ' ಎಂದಂತೆ. 'ನಾನು' ಎನ್ನುವ ಅಗತ್ಯವೇ ಇಲ್ಲ. ಹಿರಿಯರಿಗೆ 'ಉಸ್ತೆದ್' ಎನ್ನಬೇಕು. ಅದು ಹಿಂದೆ 'ತಮ್ಮ ದಯೆ' ಎಂಬರ್ಥದ ದೊಡ್ಡ ಮಾತಾಗಿದ್ದು ಸವೆದು ಚಿಕ್ಕದಾದದ್ದು. ಹೀಗಾಗಿ ಎದುರಿಗಿರುವವರನ್ನೇ 'ಸ್ವಾಮಿಗಳು ಬಂದರೇ?' ಎಂದು ಕೇಳುವ ನಮ್ಮ ಪದ್ಧತಿಯಂತೆ ಅದರ ಕ್ರಿಯಾಪದ ಪ್ರಥಮಪುರುಷದಲ್ಲಿರುತ್ತದೆ. ಪೋರ್ತುಗೀಜರ ದೆಸೆಯಿಂದ ನಮಗೆ ಬಂದ ಪದಗಳ ಅಕ್ಕತಂಗಿಯರೂ ದಾರಿಯುದ್ದಕ್ಕೂ ಸಿಗುತ್ತಾರೆ: ಬಾಲ್ದಿ ಅಲ್ಲಿ 'ಬಾಲ್ದೆ', ಪಾದ್ರಿ 'ಪಾದ್ರೆ', ನಮ್ಮ ಪಗಾರ ಅಲ್ಲಿ 'ಪಗಾರ್', ಹಣ ಕೊಡುವುದು.

ನಮಗೆ ತೊಡಕಾಗುವುದು ಲಿಂಗ. ಮೇಜು ಹೆಣ್ಣು, ದಿನ ಗಂಡು. ನಿರ್ಜೀವ ವಸ್ತುಗಳನ್ನೆಲ್ಲ 'ಅದು' ಎಂದು ತಳ್ಳಿಹಾಕುವ ನಮಗೆ ಇದು ಅನ್ಯಾಯವಾಗಿ ಕಾಣುತ್ತದೆ. 'ಲಾ ಪಾಪಾ' ಎಂದರೆ ಬಟಾಟೆ, 'ಎಲ್ ಪಾಪಾ' ಎಂದರೆ ರೋಮಿನ ಜಗದ್ಗುರು. ಒಂದು ಅಕ್ಷರದ ಅಜಾಗರೂಕತೆಯಿಂದ ಧರ್ಮಗುರುಗಳನ್ನೇ ಬೇಯಿಸಿ ಕೊಡಿರೆಂದಂತಾದೀತು. ಶಾಕಾಹಾರಿಗಳು ಇನ್ನೊಂದು ಮಾತು ನೆನಪಿಡಬೇಕು. 'ಸಿನ್ ಕಾರ್ನೆ', ಮಾಂಸವಿಲ್ಲದೆ, ಎಂದರೆ ಸಾಲದು. ಕಾರ್ನೆ ಎಂದರೆ ಅವರ ಮನಸ್ಸಿನಲ್ಲಿ ದನದ ಮಾಂಸ. ಕೋಳಿಯನ್ನು ತರಕಾರಿಯ ವರ್ಗಕ್ಕೆ ಸೇರಿಸಿ ಪ್ರೀತಿಯಿಂದ ತಂದಿಡುತ್ತಾರೆ. ಕೋಳಿ ಬೇಡ, ಮೀನು ಬೇಡ ಎಂದು ಬಿಡಿಬಿಡಿಯಾಗಿ ಹೇಳಿದರೆ ಅನ್ನ, ಕಾಳಿನ ಗೊಜ್ಜು, ಬಟಾಟೆ ಬರುತ್ತವೆ. ಹೊಟ್ಟೆಗೇನೂ ಮೋಸವಿಲ್ಲ.

ಬೆನ್ನಚೀಲ ಅಲ್ಲಿ 'ಮೊಚಿಲಾ', ಅದನ್ನು ಹೊತ್ತು ತಿರುಗುವವನು 'ಮೊಚಿಲೇರೊ'. ನಾನಾ ದೇಶಗಳ ಮೊಚಿಲೇರೊಗಳು ತಂಗುವ ಅಗ್ಗದ ವಸತಿಗಳು ಊರೂರಿಗಿವೆ. ಮಲಗುವುದಕ್ಕೆ ಒಳ್ಳೆಯವು. ಆದರೆ ಸ್ಪ್ಯಾನಿಶ್ ಕಲಿಯಲೆಂದು ಸಮುದ್ರ ದಾಟಿ ಬಂದ ಯುವಕ ಯುವತಿಯರು ಸಂಜೆಯೆಲ್ಲ ತಮ್ಮ ತಮ್ಮಲ್ಲೇ ಇಂಗ್ಲಿಷಿನಲ್ಲಿ ಹರಟುತ್ತ, ಸ್ಪ್ಯಾನಿಶ್ ಎಷ್ಟು ಬಂತೆಂದು ಚರ್ಚಿಸುತ್ತಿರುತ್ತಾರೆ. ಭಾಷೆ ಬೇಕಾದವನು ಅಲ್ಲಿ ನಿದ್ರೆಗೆ ಮಾತ್ರ ಹೋಗಬೇಕು.

ಬಸ್ಸಿನ ಮೊದಲ ಪ್ರಶ್ನೆ ಎಲ್ಲ ಕಡೆಗೂ ಒಂದೇ: ಎಲ್ಲಿಯವರು? ಸ್ಪ್ಯಾನಿಶ್‌ನಲ್ಲಿ 'ಇರು' ಎಂಬುದಕ್ಕೆ ಎರಡು ಧಾತುಗಳಿವೆ. ಹುಟ್ಟು, ಮೂಲ, ಸ್ವಭಾವಕ್ಕೆ ಒಂದು. ಈಗ ಎಲ್ಲಿ, ಹೇಗೆ ಇದ್ದೇನೆಂಬುದಕ್ಕೆ ಇನ್ನೊಂದು. ಇಂಗ್ಲಿಷ್ ಪುಸ್ತಕಗಳು ಇದಕ್ಕೆ ಪುಟಗಟ್ಟಲೆ ವಿವರಣೆ ಬರೆಯುತ್ತವೆ. ನನಗೆ ಅದು ಒಂದೇ ವಾಕ್ಯದಲ್ಲಿ ಹೊಳೆಯಿತು: ನಾನು ಧಾರವಾಡದವನು, ಮುಂಬಯಿಯಲ್ಲಿದ್ದೇನೆ. 'ಸೊಯ್ ದೆ ಧಾರವಾಡ, ಎಸ್ತೊಯ್ ಎನ್ ಮುಂಬಯಿ.' ಕನ್ನಡದಲ್ಲಿ ಮೊದಲನೆಯದಕ್ಕೆ ಕ್ರಿಯಾಪದವೇ ಬೇಡ, ಎರಡನೆಯದಕ್ಕೆ 'ಇದ್ದೇನೆ' ಬೇಕು. ಸ್ಪ್ಯಾನಿಶ್ ಎರಡಕ್ಕೂ ಬೇರೆ ಬೇರೆ ಪದ ಇಟ್ಟಿದೆ. ನಲವತ್ತು ವರ್ಷ ಒಂದೂರಿನಲ್ಲಿದ್ದರೂ ಅದು 'ಎಸ್ತೊಯ್' ಎಂದೇ. ನಮ್ಮ ಮಕ್ಕಳು ಮಾತ್ರ, ಕೇಳಿದರೆ, 'ಸೊಯ್ ದೆ ಮುಂಬಯಿ' ಎನ್ನಬೇಕು. ಅದರಲ್ಲಿ ತಪ್ಪೇನೂ ಇಲ್ಲ, ವ್ಯಾಕರಣ ಸರಿಯಾಗಿಯೇ ಇದೆ.

ಲೀಮಾದಿಂದ ತ್ರುಹಿಯೊ ಪಟ್ಟಣಕ್ಕೆ ಹೋಗುವಾಗ ಪಕ್ಕದಲ್ಲಿ ಕುಳಿತಿದ್ದಾಕೆ ನನ್ನದೇ ವಯಸ್ಸಿನವರು. ಲೀಮಾದ ಮಗಳ ಮನೆಯಿಂದ ಚಿಂಬೋಟೆಗೆ ಮರಳುತ್ತಿದ್ದರು. ಮೊದಲೆರಡು ತಾಸು ಅವರು ನನ್ನ ಉಚ್ಚಾರ ತಿದ್ದಿದರು, ಹುರಿದ ಜೋಳ ಕೊಟ್ಟರು, ನನ್ನ ಸಂಸಾರದ ವಿಚಾರಣೆ ಮುಗಿಸಿದರು. ಆಮೇಲೆ ತಮ್ಮ ಕಥೆ ಹೇಳಿದರು. ಚಿಂಬೋಟೆ 1960ರ ದಶಕದಲ್ಲಿ ಮೀನುಹಿಟ್ಟಿನ ಕಾರಖಾನೆಗಳಿಂದ ಮೆರೆದ ಬಂದರು. ಕೂಲಿ ಹುಡುಕಿಕೊಂಡು ಬೆಟ್ಟಗಳಿಂದ ಜನ ಸಾಲುಸಾಲಾಗಿ ಇಳಿದರು. ಬಾಲ್ಯದಲ್ಲೇ ಕೆಚುವಾ ಭಾಷೆ ಕಲಿತಿದ್ದ ಕಾದಂಬರಿಕಾರ ಹೊಸೆ ಮಾರಿಯಾ ಅರ್ಗೇದಾಸ್ ತನ್ನ ಕೊನೆಯ ಕಾದಂಬರಿಯನ್ನು ಈ ಊರನ್ನು ಕುರಿತೇ ಬರೆದ. ಅವನು ತೀರಿಕೊಂಡ ಮೇಲೆ 1971ರಲ್ಲಿ ಅದು ಅಚ್ಚಾಯಿತು. ಹಾಗೆ ಇಳಿದು ಬಂದವರಲ್ಲಿ ಈಕೆಯ ತಾಯಿಯೂ ಒಬ್ಬರು. ಮನೆಯಲ್ಲಿ ಕೆಚುವಾ.

"ನಿಮಗೆ ಬರುತ್ತದೆಯೇ?" ಎಂದೆ.

"ಎಂತ್ಯೆಂದೊ, ಪೆರೊ ನೊ ಆಬ್ಲೊ" ಎಂದರು. ಅರ್ಥವಾಗುತ್ತದೆ, ಆದರೆ ಮಾತಾಡುವುದಿಲ್ಲ.

ಏಕೆಂದು ನಾನು ಕೇಳಲಿಲ್ಲ, ಅವರೇ ಹೇಳಿದರು. ಶಾಲೆಯಲ್ಲಿ ಮಕ್ಕಳು ನಗುತ್ತಿದ್ದರಂತೆ. ತಾಯಿ ಸಂತೆಯಲ್ಲಿ ಕೂಗಿ ಕರೆದರೆ ಕೇಳದವಳಂತೆ ಮುಂದೆ ಹೋಗುತ್ತಿದ್ದರಂತೆ. "ಮೆ ದಾಬಾ ವೆರ್ಗ್ವೆನ್ಸಾ" ಎಂದರು, ನನಗೆ ನಾಚಿಕೆಯಾಗುತ್ತಿತ್ತು. ಕಾಫಿಗೂ ತಲೆನೋವಿಗೂ ನಾನು ಕಲಿತಿದ್ದ ಅದೇ 'ನನಗೆ'. ಅರ್ಥ ಮಾಡಿಕೊಳ್ಳಲು ನಿಘಂಟು ಬೇಕಾಗಲಿಲ್ಲ. ತಾಯಿ ಕೊನೆಯ ವರ್ಷಗಳಲ್ಲಿ ಸ್ಪ್ಯಾನಿಶ್ ಮರೆತು ಕೆಚುವಾದಲ್ಲೇ ಮಾತಾಡುತ್ತಿದ್ದರಂತೆ. ಮಗಳಿಗೆ ಎಲ್ಲವೂ ತಿಳಿಯುತ್ತಿತ್ತು, ತಿರುಗಿ ಹೇಳಲು ಬಾಯಿಗೆ ಒಂದು ಮಾತೂ ಬರುತ್ತಿರಲಿಲ್ಲವಂತೆ.

ಸ್ವಲ್ಪ ಹೊತ್ತು ಬಿಟ್ಟು, "ನಿಮ್ಮವರಲ್ಲಿ ಹೇಗೆ?" ಎಂದು ಕೇಳಿದರು. ನಮ್ಮ ಸಂಘದ ಮಕ್ಕಳು, ರಾಜ್ಯೋತ್ಸವದ ದಿನ ವೇದಿಕೆಗೆ ಬಂದು ಬಾಯಿಪಾಠದ ಕನ್ನಡ ಒಪ್ಪಿಸಿ, ಕೆಳಗಿಳಿದೊಡನೆ ಬೇರೆ ಭಾಷೆಗೆ ತಿರುಗುವವರು, ಕಣ್ಣ ಮುಂದೆ ಬಂದರು. ಆಕೆಯ ವಾಕ್ಯವನ್ನೇ ಬಹುವಚನಕ್ಕೆ ತಿರುಗಿಸಿದೆ: "ಎಂತ್ಯೆಂದೆನ್, ಪೆರೊ ನೊ ಆಬ್ಲಾನ್." ಅರ್ಥವಾಗುತ್ತದೆ, ಮಾತಾಡುವುದಿಲ್ಲ. ಆಕೆ ತಲೆಯಾಡಿಸಿದರು, ಕ್ರಿಯಾಪದದ ರೂಪ ಸರಿಯಾಗಿತ್ತೆಂದೋ, ಸಂಗತಿ ತಿಳಿಯಿತೆಂದೋ ಹೇಳಲಾರೆ. ಚಿಂಬೋಟೆಯಲ್ಲಿ ಮೀನಿನ ವಾಸನೆ ಬಸ್ಸಿನೊಳಗೆ ಬಂತು, ಅವರು ಇಳಿದು ಹೋದರು. ಪೆರು ಸರಕಾರ 1975ರಲ್ಲಿ ಕೆಚುವಾವನ್ನು ಸ್ಪ್ಯಾನಿಶ್ ಜತೆಗೆ ಆಡಳಿತ ಭಾಷೆಯೆಂದು ಸಾರಿತು. 2017ರ ಜನಗಣತಿಯಲ್ಲಿ ಸುಮಾರು 38 ಲಕ್ಷ ಜನ ಅದನ್ನು ತಾಯ್ನುಡಿಯೆಂದು ಬರೆಸಿದ್ದಾರೆ. ಆಕೆ ಯಾವ ಲೆಕ್ಕದಲ್ಲಿ ಬರೆಸಿದರೋ, ಕೇಳಬೇಕಿತ್ತು.

ತ್ರುಹಿಯೊದ ಬಳಿ ಚಾನ್ ಚಾನ್ ಇದೆ. ಇಂಕಾಗಳು ಗೆಲ್ಲುವ ಮೊದಲು ಆಳುತ್ತಿದ್ದ ಚಿಮೂ ಅರಸರ ಮಣ್ಣಿನ ರಾಜಧಾನಿ, ಸುಮಾರು 20 ಚದರ ಕಿಲೋಮೀಟರಿನಷ್ಟು. ಯುನೆಸ್ಕೊ 1986ರಲ್ಲಿ ಅದನ್ನು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿದಾಗಲೇ ಅಪಾಯದ ಪಟ್ಟಿಗೂ ಸೇರಿಸಿತು. ಅಪಾಯ ಯಾವುದರಿಂದ? ಮಳೆಯಿಂದ. ಮಳೆ ಬರದ ನಾಡಿನಲ್ಲಿ ಎಂದಾದರೊಮ್ಮೆ ಬರುವ ಮಳೆಯೇ ಹಸಿ ಇಟ್ಟಿಗೆಯನ್ನು ಕರಗಿಸುತ್ತದೆ. ಪಕ್ಕದ ಉವಾಂಚಾಕೊ ಎಂಬ ಹಳ್ಳಿಯಲ್ಲಿ ಬೆಸ್ತರು ಜೊಂಡು ಕಟ್ಟಿ ಮಾಡಿದ ದೋಣಿಯ ಮೇಲೆ ಕುದುರೆಯ ಸವಾರರಂತೆ ಕುಳಿತು ಅಲೆ ದಾಟುತ್ತಾರೆ. ಅದರ ಹೆಸರೂ 'ಕಬಯೀತೊ', ಪುಟ್ಟ ಕುದುರೆ. ಪೆರುವಿನವರಿಗೆ ಹೀಗೆ ಎಲ್ಲವನ್ನೂ ಪುಟ್ಟದು ಮಾಡುವ ಚಾಳಿ. 'ಆವೋರಾ' ಎಂದರೆ ಈಗ, 'ಆವೊರೀತಾ' ಎಂದರೆ ಪುಟ್ಟ ಈಗ. ಪುಟ್ಟ ಈಗ ಬರುತ್ತದೆಂದ ಬಸ್ಸು ಮುಕ್ಕಾಲು ತಾಸಿಗೆ ಬಂತು.

ಮುಂದಿನದು ಲಂಬಾಯೇಕೆ ಪ್ರಾಂತ. 1987ರಲ್ಲಿ ವಾಲ್ಟರ್ ಆಲ್ವಾ ಎಂಬ ಪುರಾತತ್ತ್ವಜ್ಞರು ಇಲ್ಲಿನ ಸಿಪಾನ್‌ನಲ್ಲಿ ಮೋಚೆ ದೊರೆಯೊಬ್ಬನ ಗೋರಿ ತೆರೆದರು. ಆ ಒಡವೆಗಳಿಗಾಗಿ ಕಟ್ಟಿದ ಮ್ಯೂಜಿಯಮ್ 2002ರಿಂದ ಇದೆ. ಅಲ್ಲೊಂದು ಕಂಠಹಾರ ಕಂಡು ನಿಂತುಬಿಟ್ಟೆ: ಒಂದು ಪಕ್ಕಕ್ಕೆ ಹತ್ತು ಬಂಗಾರದ, ಇನ್ನೊಂದು ಪಕ್ಕಕ್ಕೆ ಹತ್ತು ಬೆಳ್ಳಿಯ ಶೇಂಗಾ ಕಾಯಿ! ನಮ್ಮ ಕಡೆಗೆ ಬಡವರ ಬದಾಮು ಎನ್ನುವ ಶೇಂಗಾ ದಕ್ಷಿಣ ಅಮೆರಿಕದ ಬೆಳೆ. ನಮ್ಮಲ್ಲಿಗೆ ಬಂದದ್ದು ಎಷ್ಟೋ ಶತಮಾನಗಳ ತರುವಾಯ. ಉತ್ತರ ಕರ್ನಾಟಕದ ಹೆಣ್ಣುಮಕ್ಕಳು ಈ ಹಾರವನ್ನು ನೋಡಬೇಕು.

ಈ ಹಾರ ಹಾಕಿಕೊಂಡವನ ನಾಡಿನ ಮಾತು ಏನಾಯಿತು? ಸ್ಪ್ಯಾನಿಷರು ಬಂದಾಗ ಈ ಕಣಿವೆಗಳಲ್ಲಿ ಮೋಚಿಕಾ ಎಂಬ ಭಾಷೆಯಿತ್ತು. ರೇಕೆ ಎಂಬ ಊರಿನ ಪಾದ್ರಿ ಫೆರ್ನಾಂದೊ ದೆ ಲಾ ಕರೇರಾ 1644ರಲ್ಲಿ ಅದರ ವ್ಯಾಕರಣವನ್ನು ಲೀಮಾದಲ್ಲಿ ಅಚ್ಚುಹಾಕಿಸಿದ. ಆಮೇಲೆ ಭಾಷೆ ಊರಿನಿಂದ ಊರಿಗೆ ಒಣಗುತ್ತ ಬಂದು, ಹುಲ್ಲಿನ ಟೋಪಿ ಹೆಣೆಯುವ ಎತೆನ್ ಎಂಬ ಒಂದು ಊರಿನಲ್ಲಿ ಉಳಿಯಿತು. ಸಕ್ಕರೆ ತೋಟಗಳ ಇಂಜಿನಿಯರಾಗಿ ಬಂದಿದ್ದ ಬ್ರೂನಿಂಗ್ ಎಂಬ ಜರ್ಮನ್ ಗೃಹಸ್ಥ (1848–1928) ಅಲ್ಲಿನ ಮುದುಕರ ಹತ್ತಿರ ಕುಳಿತು ಪದ ಬರೆದುಕೊಂಡ. ಇಪ್ಪತ್ತನೆಯ ಶತಮಾನದಲ್ಲಿ ಆಡುವವರು ಇಲ್ಲವಾದರು. ಬ್ರೂನಿಂಗ್‌ನ ಪದಕೋಶ ಅಚ್ಚಾದದ್ದು 2004ರಲ್ಲಿ. ನಮಗೂ ಒಬ್ಬ ಜರ್ಮನ್, ಕಿಟ್ಟೆಲ್, 1894ರಲ್ಲಿ ನಿಘಂಟು ಕೊಟ್ಟ. ಅವನ ಪುಣ್ಯ, ತೆರೆದು ನೋಡುವವರು ಇದ್ದರು. ಎತೆನ್‌ನ ಚೌಕದಲ್ಲಿ ಬೆಂಚಿನ ಮೇಲೆ ಕುಳಿತು ಊರಿನವರ ಸ್ಪ್ಯಾನಿಶ್ ಕೇಳಿದೆ. ಸ್ಪಷ್ಟ, ಮಧುರ, ನನಗೆ ಬೇಕಾದ ಭಾಷೆಯೇ. ಕಲಿಯುವ ಖುಷಿ ಆ ಮಧ್ಯಾಹ್ನ ಅಷ್ಟಾಗಿ ಇರಲಿಲ್ಲ. ಈಗ ಆ ಪ್ರಾಂತದಲ್ಲಿ ಕೆಲವರು ಪಾದ್ರಿಯ ವ್ಯಾಕರಣದಿಂದಲೂ ಜರ್ಮನನ ವಹಿಗಳಿಂದಲೂ ಪದ ಹೆಕ್ಕಿ ಮಕ್ಕಳಿಗೆ ಕಲಿಸುತ್ತಿದ್ದಾರೆ. ಆ ಮಕ್ಕಳ ಉಚ್ಚಾರ ತಿದ್ದಲು ಅಜ್ಜಿಯಂದಿರಿಲ್ಲ.

ಅಲ್ಲಿಂದ ಪಿಯುರಾಕ್ಕೆ ಮೂರು ತಾಸು ಸೆಚುರಾ ಮರುಭೂಮಿ. ಪಿಯುರಾದಲ್ಲಿ ಬಾಳೆಕಾಯಿ ಹಪ್ಪಳದಂಥ 'ಚಿಫ್ಲೆಸ್' ಮಾರುತ್ತಾರೆ. ಮಂಗಳೂರಿನವರು ಕಣ್ಣುಮುಚ್ಚಿ ತಿಂದರೆ ಮನೆಗೆ ಬಂದೆನೆಂದಾರು. ಒಂದು ತಾಸು ಪಶ್ಚಿಮಕ್ಕೆ ಹೋದರೆ ಪೈತಾ ಬಂದರು. ಇಲ್ಲಿನ ನಾವಿಕರು, ಕೆಲವು ವರ್ಷ ಕ್ರಿಸ್ಮಸ್ ಹೊತ್ತಿಗೆ ಉತ್ತರದಿಂದ ಬರುವ ಬೆಚ್ಚನೆಯ ನೀರಿಗೆ ಬಾಲಯೇಸುವಿನ ಹೆಸರಿಟ್ಟು 'ನಿಞೊ' ಪ್ರವಾಹವೆನ್ನುತ್ತಿದ್ದರು. ಕಮೀಲೊ ಕರೀಯೊ ಎಂಬ ನೌಕಾಧಿಕಾರಿ 1892ರಲ್ಲಿ ಲೀಮಾದ ಭೂಗೋಳ ಸಂಘಕ್ಕೆ ಅದನ್ನು ತಿಳಿಸಿದ. ಬೆಸ್ತರ ಆ ಪದವೇ ಈಗ ನಮ್ಮ ಪತ್ರಿಕೆಗಳ ಮಳೆಯ ಸುದ್ದಿಯಲ್ಲಿ ಬರುವ 'ಎಲ್ ನಿನೊ'. ನೀರು ಬೆಚ್ಚಗಾದರೆ ಈ ಮರಳುಗಾಡಿನಲ್ಲಿ ಮಳೆ ಸುರಿಯುತ್ತದೆ; 1982-83ರಲ್ಲಿ, 1997-98ರಲ್ಲಿ ಸುರಿಯಿತು; 2017ರಲ್ಲಿ ದಂಡೆಯ ನೀರಷ್ಟೇ ಬೆಚ್ಚಗಾದರೂ ಪಿಯುರಾ ಹೊಳೆ ಊರೊಳಗೆ ನುಗ್ಗಿತು. ನಮ್ಮಲ್ಲಿ ಬಹಳ ಸಲ ಇದರ ತಿರುವುಮುರುವು. 2009ರಲ್ಲಿ, 2015ರಲ್ಲಿ ಮುಂಗಾರು ಕೈಕೊಟ್ಟದ್ದು ನೆನಪಿರಬಹುದು.

ದಡದಲ್ಲಿ ಬಲೆ ಹೊಲಿಯುತ್ತ ಕುಳಿತಿದ್ದ ಒಬ್ಬ ಹಿರಿಯರಿಗೆ, ನಿಮ್ಮ ಈ ಮಾತು ನಮ್ಮ ದೇಶದ ರೈತರಿಗೂ ಗೊತ್ತು ಎಂದು ಹೇಳಿದೆ. ನಂಬಲಿಲ್ಲ. ವಹಿ ತೆರೆಯದೆ, ಮನಸ್ಸಿನಲ್ಲಿ ಕನ್ನಡದಿಂದ ತರ್ಜುಮೆ ಮಾಡದೆ, ಬಾಯಿಗೆ ಬಂದದ್ದನ್ನು ಅಂದೆ: "ಅಕೀ ಮೂಚಾ ಯೂವಿಯಾ, ಅಯಾ, ಪೋಕಾ." ಇಲ್ಲಿ ಬಹಳ ಮಳೆ, ಅಲ್ಲಿ, ಸ್ವಲ್ಪ.

ಅವರ ಸೂಜಿ ನಿಂತಿತು. ಸಮುದ್ರದ ಕಡೆಗೊಮ್ಮೆ ನೋಡಿ, "ಹಾಗಾದರೆ ಅದು ನಿಮ್ಮ ಮಳೆ, ಸೆಞೋರ್. ದಯವಿಟ್ಟು ಮುಂದಿನ ಸಲ ನೀವೇ ಇಟ್ಟುಕೊಳ್ಳಿ" ಎಂದು ಮತ್ತೆ ಬಲೆಗೆ ತಲೆ ಬಗ್ಗಿಸಿದರು.